43ರ ತನಕ ಅರ್ಜಿ ಹಾಕಬಹುದು, ಆದ್ರ ನೌಕರಿ ಹತ್ತೋದು ಯಾವಾಗ?

ರಾಜ್ಯ ಸರ್ಕಾರಿ ನೌಕರಿಗಿ ವಯಸ್ಸಿನ ಮಿತಿ 3 ವರ್ಷ ಸಡಿಲ ಮಾಡಿದ ಸುದ್ದಿ ಬಂದ ಮ್ಯಾಲ ಕಲಬುರಗಿ, ಬೀದರ್, ಯಾದಗಿರಿ ಕಡೆ ಪರೀಕ್ಷಾಕ್ಕ ಓದೋ ಮಂದಿ ವಾಟ್ಸಾಪ್ ಗ್ರೂಪ್‌ಗಳಾಗ ಅವೇ ಪ್ರಶ್ನೆ ಮತ್ತ ಮತ್ತ ಬರ್ಲಿಕತ್ಯಾವ. ಎಲ್ಲರಿಗೂ 43 ತನಕ ಚಾನ್ಸ್ ಅದನಾ? ಕಲ್ಯಾಣ ಕರ್ನಾಟಕದ ಸ್ಥಳೀಯರಿಗಿ ಕೊಡೋ 371ಜೆ ಸರ್ಟಿಫಿಕೇಟ್ ಇದ್ರ ಇನ್ನೂ ಹೆಚ್ಚು ವರ್ಷ ಸಿಗ್ತಾವಾ? ಖಾಸಗಿ ಕಂಪನಿಯವ್ರಿಗಿ ಇದು ಲಾಗೂ ಆಗ್ತದಾ? ಮೂರಕ್ಕೂ ಉತ್ತರ ಒಂದೇ, ‘ಇಲ್ಲ’. ಆದ್ರ ಇಷ್ಟು ಹೇಳಿದ್ರ ಸಾಲಲ್ಲ, ಯಾಕಂದ್ರ ಈ ಪ್ರಶ್ನೆಗಳ ಕೆಳಗ ಇನ್ನೊಂದು ದೊಡ್ಡ ಪ್ರಶ್ನೆ ಅದ, 35 ದಾಟಿದ, 40 ಮುಟ್ಟಿದ ಮನಶಾ ನಮ್ಮ ಭಾಗದಾಗ ನೌಕರಿ ಹುಡುಕ್ಲಿಕ್ಕ ಹೊಂಟ್ರ ಅವಗ ನಿಜವಾಗ್ಲೂ ಯಾವ ಬಾಗಿಲು ತೆರದಾವ, ಯಾವವು ಮುಚ್ಯಾವ.

ಮಿತಿ ಮೊದ್ಲ ಎಷ್ಟಿತ್ತು, ಈಗ ಎಷ್ಟಾಯ್ತು

ರಾಜ್ಯ ಸರ್ಕಾರದ ನೇಮಕಾತಿಗಿ 1977ರ ಸಾಮಾನ್ಯ ನೇಮಕಾತಿ ನಿಯಮಗಳು ಅಂತ ಅವ. ಅದರ ಪ್ರಕಾರ ಸಾಮಾನ್ಯ ವರ್ಗಕ್ಕ 35, ಹಿಂದುಳಿದ ವರ್ಗದ 2ಎ 2ಬಿ 3ಎ 3ಬಿ ಅವರಿಗಿ 38, ಎಸ್‌ಸಿ ಎಸ್‌ಟಿ ಮತ್ತ ಪ್ರವರ್ಗ-1ಕ್ಕ 40. ಇದರ ಮ್ಯಾಲ 3 ವರ್ಷ ಸೇರಿಸಿದ್ರ 38, 41, 43 ಆಗ್ತದ. ಅಂದ್ರ 43 ಅನ್ನೋದು ಎಲ್ಲರ ಸಂಖ್ಯಾ ಅಲ್ಲ, ಕೊನೇ ಗುಂಪಿನವ್ರದು ಅಷ್ಟೇ.

2024ರ ಸೆಪ್ಟೆಂಬರ್‌ನಾಗ ಒಮ್ಮೆ ಇದೇ 3 ವರ್ಷದ ಸಡಿಲಿಕೆ ಕೊಟ್ಟಿದ್ರು, 2025ರ ಸೆಪ್ಟೆಂಬರ್‌ನಾಗ ಧಾರವಾಡದಾಗ ಸಾವಿರಾರು ಹುಡುಗ್ರು ಹುಡುಗೇರು ಬೀದಿಗಿ ಬಂದು ಖಾಲಿ ಹುದ್ದೆ ತುಂಬ್ರಿ, ವಯಸ್ಸು ಸಡಿಲ ಮಾಡ್ರಿ ಅಂತ ಕೂಗಿದ ಹೊತ್ತಿನಾಗ ಮತ್ತೊಮ್ಮೆ ಕೊಟ್ರು. ಎರಡೂ ಸಲ ತಾತ್ಕಾಲಿಕವಾಗೇ ಕೊಟ್ಟದ್ದು, ಮೂಲ ನಿಯಮದಾಗಿನ 35, 38, 40 ಹಂಗೇ ಅದಾವ. ಇದನ್ನ ಮರೀಬಾರ್ದು.

ಇದರ ಹೊರತಾಗಿ ಅದೇ ನಿಯಮದಾಗ ಕೆಲವ್ರಿಗಿ ಮೊದ್ಲಿನಿಂದ್ಲೂ ಬ್ಯಾರೆ ರಿಯಾಯಿತಿ ಅದ. ಅಂಗವಿಕಲರಿಗಿ 10 ವರ್ಷ, ವಿಧವೆಯರಿಗಿ 10 ವರ್ಷ, ಮಾಜಿ ಸೈನಿಕರಿಗಿ ಮಿಲಿಟರಿದಾಗ ಕಳೆದ ವರ್ಷಗಳ ಮ್ಯಾಲ 3. ಗಂಡ ತೀರಿಕೊಂಡ ಮ್ಯಾಲ ಮನಿ ನಡಸೋ ಹೆಣಮಗಳು 40 ದಾಟಿದಳು ಅಂತ ಅರ್ಜಿನೇ ಹಾಕದೆ ಕೂಡೋದು ಹಳ್ಳಿ ಕಡೆ ಆಗೋ ಮಾತು, ಯಾಕಂದ್ರ ಈ 10 ವರ್ಷದ ಮಾತು ಅಲ್ಲಿ ತನಕ ಮುಟ್ಟಿರಲ್ಲ. ಗೊತ್ತಿದ್ದವ್ರು ಹೇಳಬೇಕು.

ಮೂರು ವರ್ಷ ಯಾಕ ಬೇಕಾದ್ವು

ಇದನ್ನ ಸರ್ಕಾರ ಕೊಟ್ಟ ಉಡುಗೊರೆ ಅಂತ ನೋಡೋದು ಸರಿ ಅಲ್ಲ. ಕಳೆದ ವರ್ಷಗಳ ಲೆಕ್ಕ ಹಾಕಿ ನೋಡ್ರಿ.

2020, 2021 ಕೊರೋನಾದಾಗ ಹೋದ್ವು. 2021ರ ಅಕ್ಟೋಬರ್‌ನಾಗ 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳ ಪರೀಕ್ಷಾ ಆಯ್ತು, 50 ಸಾವಿರಕ್ಕೂ ಹೆಚ್ಚು ಮಂದಿ ಬರದ್ರು, 2022ರ ಏಪ್ರಿಲ್‌ನಾಗ ಅಕ್ರಮ ಹೊರಗ ಬಂದು ಇಡೀ ಪರೀಕ್ಷಾನೇ ರದ್ದಾಯ್ತು. ಆ ಹಗರಣದಾಗ ಮೊದ್ಲು ಹೆಸರು ಕೇಳಿ ಬಂದದ್ದೇ ಕಲಬುರಗಿದ ಒಂದು ಪರೀಕ್ಷಾ ಕೇಂದ್ರದ್ದು. ಕೋರ್ಟು ಕಚೇರಿ ಅಲೆದಾಡಿ ಮರುಪರೀಕ್ಷಾ ಆಗಿದ್ದು 2024ರ ಜನವರಿದಾಗ. ಅದರ ನಡುವ 2023ರ ಅಕ್ಟೋಬರ್‌ನಾಗ ಬ್ಯಾರೆ ಹುದ್ದೆಗಳ ಪರೀಕ್ಷಾದಾಗ ಕಲಬುರಗಿ ಯಾದಗಿರಿ ಕೇಂದ್ರಗಳಾಗ ಬ್ಲೂಟೂತ್ ಇಟ್ಕೊಂಡು ಬರೆಯೋದು ಸಿಕ್ಕಿಬಿತ್ತು. ಪ್ರಾಮಾಣಿಕವಾಗಿ ಓದಿದ ಹುಡುಗನ ವಯಸ್ಸು ಆ ಎರಡು ಮೂರು ವರ್ಷ ಕಾಯ್ಲಿಲ್ಲ.

ಆಮ್ಯಾಲ ಒಳಮೀಸಲಾತಿ ಬಂತು. 2024ರ ಆಗಸ್ಟ್ 1ಕ್ಕ ಸುಪ್ರೀಂ ಕೋರ್ಟ್ ಪರಿಶಿಷ್ಟ ಜಾತಿಗಳೊಳಗ ಒಳಮೀಸಲಾತಿ ಕೊಡಬಹುದು ಅಂತ ತೀರ್ಪು ಕೊಡ್ತು, ಅದು ದಶಕಗಳ ಹೋರಾಟದ ಫಲ, ಅದರ ನ್ಯಾಯದ ಬಗ್ಗೆ ಇಲ್ಲಿ ತಕರಾರಿಲ್ಲ. ಆದ್ರ ಅದನ್ನ ಹ್ಯಾಂಗ ಹಂಚಬೇಕು ಅಂತ ತೀರ್ಮಾನ ಆಗೋ ತನಕ ಹೊಸ ನೇಮಕಾತಿ ಅಧಿಸೂಚನೆ ಹೊರಡಸಬಾರ್ದು ಅಂತ 2024ರ ಅಕ್ಟೋಬರ್ ಕೊನಿಗಿ ಸಂಪುಟ ನಿರ್ಧಾರ ಮಾಡ್ತು, ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗದ ವರದಿ ಬಂದು ಸರ್ಕಾರ ಪರಿಶಿಷ್ಟ ಜಾತಿಗಳ ಪಾಲನ್ನ ಮೂರು ಗುಂಪಿಗಿ 6, 6, 5 ಪರ್ಸೆಂಟ್ ಅಂತ ಹಂಚಿದ್ದು 2025ರ ಆಗಸ್ಟ್‌ನಾಗ. ಆ ಒಳಗ ಸುಮಾರು 10 ತಿಂಗಳು ಹೊಸ ಅಧಿಸೂಚನೆ ನಿಂತೇ ಬಿಟ್ವು.

ಇಷ್ಟೆಲ್ಲಾ ನಡೀವಾಗ ರಾಜ್ಯದಾಗ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಇದ್ವು. ಹುದ್ದೆ ಇತ್ತು, ಓದಿದವ ಇದ್ದ, ನಡುವ ನೇಮಕಾತಿ ಮಾತ್ರ ಇರ್ಲಿಲ್ಲ. 2020ರಾಗ 31 ಇದ್ದ ಸಾಮಾನ್ಯ ವರ್ಗದ ಅಭ್ಯರ್ಥಿ 2025ಕ್ಕ 36 ಆಗ್ಯಾನ, ಹಳೇ ಮಿತಿ ಹಿಡಿದ್ರ ಅವ ಔಟ್. ಅವನ ಕೈಯಾಗಿಂದ ಹೋದ ವರ್ಷಗಳನ್ನ ವಾಪಸ್ ಕೊಡೋದಕ್ಕ ಸಡಿಲಿಕೆ ಅಂತ ಹೆಸರು ಇಟ್ಟಾರ, ನಿಜ ನೋಡಿದ್ರ ಅದು ಬಾಕಿ.

ಕಾಗದದಾಗಿನ ವಯಸ್ಸು

ನಮ್ಮ ಭಾಗದಾಗ ಇನ್ನೊಂದು ತೊಡಕು ಅದ, ಇದನ್ನ ಬೆಂಗಳೂರಾಗ ಕುಂತು ನಿಯಮ ಮಾಡೋರು ಅಷ್ಟಾಗಿ ಯೋಚನಾ ಮಾಡಲ್ಲ. ಹಳ್ಳಿ ಸಾಲಿಗಿ ಹೆಸರು ಹಚ್ಚುವಾಗ ಹುಟ್ಟಿದ ತಾರೀಖು ಗೊತ್ತಿಲ್ಲದಿದ್ರ ಹೆಡ್ ಮಾಸ್ತರ್ರು ಜೂನ್ 1 ಅಂತ ಬರ್ಕೊಂಡು ಬಿಡ್ತಿದ್ರು. 40ರ ಆಜುಬಾಜು ಇರೋ ಎಷ್ಟೋ ಮಂದಿ ಮಾರ್ಕ್ಸ್ ಕಾರ್ಡ್ ತೆಗೆದು ನೋಡಿದ್ರ ಎಲ್ಲಾ ಜೂನ್ 1ಕ್ಕೇ ಹುಟ್ಟ್ಯಾರ. ಸಾಲಿಗಿ ಸೇರೋ ವಯಸ್ಸು ಆಗ್ಲಿ ಅಂತ ಒಂದು ವರ್ಷ ಹೆಚ್ಚಿಗಿ ಬರಸಿದ್ದೂ ಇರ್ತದ.

ಅಪ್ಪ ಅವ್ವ ಆವಾಗ ಅದರ ಪರಿಣಾಮ ಏನು ಅಂತ ಯೋಚನಾ ಮಾಡಿರ್ಲಿಲ್ಲ, ಮಾಡ್ಲಿಕ್ಕೂ ಕಾರಣ ಇರ್ಲಿಲ್ಲ. ಆದ್ರ ನೇಮಕಾತಿದಾಗ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಾಗ ಇದ್ದ ತಾರೀಖೇ ಹಿಡೀತಾರ, ಅದೂ ಅರ್ಜಿ ಹಾಕೋ ಕೊನೇ ದಿನಕ್ಕ ವಯಸ್ಸು ಲೆಕ್ಕ ಹಾಕ್ತಾರ. ಹಿಂಗಾಗಿ ಅಸಲಿ ವಯಸ್ಸು 37 ಇದ್ದವ ಕಾಗದದಾಗ 38 ದಾಟಿ ಹೊರಗ ಬೀಳ್ತಾನ. ಮಾರ್ಕ್ಸ್ ಕಾರ್ಡ್ ಕೈಗಿ ಬಂದು ಇಷ್ಟು ವರ್ಷ ಆದ ಮ್ಯಾಲ ತಾರೀಖು ತಿದ್ದಸೋದು ಕೋರ್ಟಿನ ತನಕ ಹೋಗೋ ಕೆಲಸ, ಹೋದ್ರೂ ಗೆಲ್ಲೋದು ಕಷ್ಟ. 3 ವರ್ಷದ ಸಡಿಲಿಕೆ ಇಂಥವ್ರಿಗಿ ಸ್ವಲ್ಪ ಉಸಿರು ಬಿಡ್ಲಿಕ್ಕ ಜಾಗ ಕೊಟ್ಟದ, ಅದು ಒಪ್ಪಬೇಕು.

ಬೇಕು ಅನ್ನೋರು, ಬ್ಯಾಡ ಅನ್ನೋರು

ಸಡಿಲಿಕೆ ಇನ್ನೂ ಹೆಚ್ಚಬೇಕು, 5 ವರ್ಷ ಬೇಕು ಅನ್ನೋ ವಾದ ಗಟ್ಟಿ ಅದ. ಅವ್ರು ಹೇಳೋದು ಇಷ್ಟು: ತಡ ಮಾಡಿದ್ದು ಸರ್ಕಾರ, ದಂಡ ಕಟ್ಟೋದು ನಾವು ಯಾಕ. ವಿಶೇಷವಾಗಿ ಅತಿಥಿ ಶಿಕ್ಷಕರು, ಅತಿಥಿ ಉಪನ್ಯಾಸಕರು, ಹೊರಗುತ್ತಿಗೆ ಮ್ಯಾಲ ಡೇಟಾ ಎಂಟ್ರಿ ಮಾಡೋರು, ಇವ್ರೆಲ್ಲಾ ಸರ್ಕಾರದ ಕೆಲಸಾನೇ ಮಾಡಕೋತ ವಯಸ್ಸು ಕಳಕೊಂಡಾರ. ಸರ್ಕಾರಿ ನೌಕರಿದಾಗ ಖಾಯಂ ಇದ್ದವ ಬ್ಯಾರೆ ಹುದ್ದೆಗಿ ಅರ್ಜಿ ಹಾಕಿದ್ರ ಅವನ ಸೇವಾ ಅವಧಿ ನೋಡಿ 10 ವರ್ಷದ ತನಕ ವಯಸ್ಸಿನ ರಿಯಾಯಿತಿ ಅದ. ಅದೇ ಸಾಲಿದಾಗ ಅದೇ ಪಾಠ ಹೇಳಿದ ಅತಿಥಿ ಶಿಕ್ಷಕನ ವರ್ಷಗಳು ಹಂಗ ಲೆಕ್ಕಕ್ಕ ಬರಲ್ಲ. ಈ ವ್ಯತ್ಯಾಸಕ್ಕ ಸಮರ್ಥನಾ ಸಿಗಲ್ಲ.

ಎದುರಿಗಿ ನಿಂತವ್ರು 24, 25ರ ಹುಡುಗ್ರು. ಅವರ ಮಾತೂ ಹಗುರ ಅಲ್ಲ. ಒಂದೇ ಹುದ್ದೆಗಿ ಪೈಪೋಟಿ ಮಾಡೋ ಮಂದಿ ಹೆಚ್ಚಾಗ್ತಾರ, ಹತ್ತು ವರ್ಷದಿಂದ ಇದೇ ಸಿಲೆಬಸ್ ಓದಿದವನ ಮುಂದ ಈಗ ಡಿಗ್ರಿ ಮುಗಿಸಿ ಬಂದವ ಹ್ಯಾಂಗ ನಿಲ್ಲಬೇಕು ಅಂತ ಕೇಳ್ತಾರ. ಇನ್ನ ಆಡಳಿತದ ಕಡೆಯಿಂದ ಬರೋ ವಾದ ಅಂದ್ರ ಸೇವಾ ಅವಧಿದು. ರಾಜ್ಯದಾಗ ನಿವೃತ್ತಿ 60ಕ್ಕ, 43ಕ್ಕ ಸೇರಿದವಗ 17 ವರ್ಷ ಸಿಗ್ತದ, ಬಡ್ತಿ ಒಂದೋ ಎರಡೋ. 2006ರ ಏಪ್ರಿಲ್ 1ರ ನಂತರ ಸೇರಿದವ್ರೆಲ್ಲಾ ಎನ್‌ಪಿಎಸ್ ಅನ್ನೋ ಹೊಸ ಪಿಂಚಣಿ ಯೋಜನೆ ಒಳಗ ಬಂದಾರ, ಅಲ್ಲಿ ಪಿಂಚಣಿ ಅನ್ನೋದು ಎಷ್ಟು ವರ್ಷ ದುಡ್ಡು ಜಮಾ ಆಯ್ತು ಅನ್ನೋದರ ಮ್ಯಾಲ ನಿಂತದ, ತಡವಾಗಿ ಸೇರಿದವಗ ಮುಪ್ಪಿನಾಗ ಕೈಗಿ ಬರೋದು ಕಮ್ಮಿ.

ಎರಡೂ ಕಡೆ ಕೇಳಿದ ಮ್ಯಾಲ ನನಗ ಅನಸೋದು, ಇದು ದೊಡ್ಡವ್ರು ಸಣ್ಣವ್ರ ನಡುವಿನ ಜಗಳ ಆಗಬಾರ್ದಿತ್ತು. ಪ್ರತಿ ವರ್ಷ ಹೇಳಿದ ತಿಂಗಳಿಗಿ ಪರೀಕ್ಷಾ ನಡೆದಿದ್ರ ಇವತ್ತು 38ಕ್ಕ ಅರ್ಜಿ ಹಾಕೋ ಮನಶಾ 31ಕ್ಕೇ ಸೇರ್ತಿದ್ದ ಇಲ್ಲಾ ಬ್ಯಾರೆ ದಾರಿ ನೋಡ್ಕೊತಿದ್ದ, 24ರ ಹುಡುಗನ ಎದುರಿಗಿ ಬರ್ತಾನೇ ಇರ್ಲಿಲ್ಲ.

371ಜೆ ಗೊಂದಲ

ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ನಮ್ಮ ಭಾಗದ ಸ್ಥಳೀಯರಿಗಿ ಇಲ್ಲಿನ ಹುದ್ದೆಗಳಾಗ 75ರಿಂದ 85 ಪರ್ಸೆಂಟ್ ತನಕ, ರಾಜ್ಯಮಟ್ಟದ ಕಚೇರಿಗಳಾಗ 8 ಪರ್ಸೆಂಟ್ ಮೀಸಲಾತಿ ಕೊಡ್ತದ. ಅದು ಹುದ್ದೆಯ ಪಾಲು, ವಯಸ್ಸಿನ ರಿಯಾಯಿತಿ ಅಲ್ಲ. ಸಹಾಯಕ ಆಯುಕ್ತರ ಕಚೇರಿಯಿಂದ ತಂದ ಸರ್ಟಿಫಿಕೇಟ್ ಇದ್ರೂ ವಯಸ್ಸಿನ ಮಿತಿ ನಿಮ್ಮ ಪ್ರವರ್ಗದ ಪ್ರಕಾರನೇ.

ಖಾಸಗಿ ಕಡೆ ಕಾನೂನು ಏನ್ ಹೇಳ್ತದ

ಹೆಚ್ಚು ಮಂದಿಗಿ ಸರ್ಕಾರಿ ನೌಕರಿ ಹತ್ತಲ್ಲ, ಇದು ಎಲ್ಲರಿಗೂ ಗೊತ್ತಿದ್ದ ಮಾತು. ಮುಂದಿನ ದಾರಿ ಖಾಸಗಿ. ಅಲ್ಲಿ ಜಾಹೀರಾತಿನಾಗೇ ವಯಸ್ಸು 18ರಿಂದ 30 ಅಂತ ಹಾಕಿರ್ತಾರ, ಹಂಗ ಹಾಕಬಾರ್ದು ಅಂತ ನಮ್ಮ ದೇಶದಾಗ ಕಾನೂನೇ ಇಲ್ಲ. ಸಂವಿಧಾನದ 16ನೇ ವಿಧಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಮ್ಯಾಲ ಭೇದ ಮಾಡಬಾರ್ದು ಅಂತದ, ಅದೂ ಸರ್ಕಾರಿ ನೌಕರಿಗಿ, ಮತ್ತ ಆ ಪಟ್ಟಿದಾಗ ವಯಸ್ಸು ಇಲ್ಲ. ಅಮೆರಿಕಾದಾಗ 40 ದಾಟಿದವ್ರಿಗಿ 1967ರಿಂದಲೇ ಇಂಥ ರಕ್ಷಣಾ ಅದ.

2025ರ ನವೆಂಬರ್ 21ರಿಂದ ಜಾರಿಯಾದ ನಾಲ್ಕು ಕಾರ್ಮಿಕ ಸಂಹಿತೆಗಳಾಗ ಕೆಲಸ ಕಳಕೊಂಡವ್ರಿಗಿ ಒಂದು ಹೊಸ ಅಂಶ ಅದ. ಕಂಪನಿಯವ್ರು ಕಾರ್ಮಿಕನ್ನ ರಿಟ್ರೆಂಚ್‌ಮೆಂಟ್ (ಅವನ ತಪ್ಪಿಲ್ಲದೆ ಕೆಲಸದಿಂದ ಕಡಿತ) ಮಾಡಿ ತೆಗೆದ್ರ, ಬಾಕಿ ಪರಿಹಾರದ ಜೊತಿಗಿ 15 ದಿನದ ಪಗಾರ ಮರುಕೌಶಲ್ಯ ನಿಧಿಗಿ ಕಟ್ಟಬೇಕು, ಅದು ಕಾರ್ಮಿಕನ ಖಾತೆಗಿ ಬರಬೇಕು. ಹೊಸ ಕೆಲಸ ಕಲೀಲಿಕ್ಕ 15 ದಿನದ ಪಗಾರ ಎಲ್ಲಿ ಸಾಲ್ತದ ಅಂತ ಕೇಳಿದ್ರ ಸಾಲಲ್ಲ, ಆದ್ರೂ ಬಿಡಬಾರ್ದು, ಕೇಳಿ ತಗೊಬೇಕು. ಇನ್ನ ಗುತ್ತೇದಾರನ ಕೈಕೆಳಗ ಹೆಸರೇ ಇಲ್ಲದೆ ದುಡಿದವ್ರಿಗಿ ಇದೂ ದಕ್ಕಲ್ಲ, ನಮ್ಮ ಕಡೆ ಸಿಮೆಂಟ್ ಕಾರ್ಖಾನೆಗಳ ಸುತ್ತ, ಕಟ್ಟಡ ಕೆಲಸದಾಗ ಅಂಥವ್ರೇ ಬಹಳ.

ಯುವನಿಧಿ ಬಗ್ಗೆನೂ ಕೇಳ್ತಾರ. ಅದು ಹೊಸದಾಗಿ ಡಿಗ್ರಿ, ಡಿಪ್ಲೊಮಾ ಪಾಸಾಗಿ ಬಂದವ್ರ ಸಲುವಾಗಿ, ಡಿಗ್ರಿಗಿ 3000, ಡಿಪ್ಲೊಮಾಕ್ಕ 1500, ಎರಡು ವರ್ಷದ ತನಕ. 2008ರಾಗ ಬಿಎ ಮುಗಿಸಿ ಇವತ್ತು ಖಾಲಿ ಕುಂತವ ಅದರೊಳಗ ಬರಲ್ಲ.

ಮಾಲೀಕರ ಲೆಕ್ಕ

ದೊಡ್ಡ ವಯಸ್ಸಿನವ್ರಿಗಿ ಕೆಲಸ ಕೊಡೋರು ಯಾಕ ಹಿಂದ ಸರೀತಾರ ಅನ್ನೋದನ್ನ ಬೈಯ್ಯೋದಕ್ಕಿಂತ ಮೊದ್ಲು ತಿಳ್ಕೊಬೇಕು, ಇಲ್ಲಾಂದ್ರ ಅವರ ಮುಂದ ಹ್ಯಾಂಗ ಮಾತಾಡಬೇಕು ಅನ್ನೋದೂ ತಿಳಿಯಲ್ಲ. ಮೊದಲ್ನೇದು ಪಗಾರ. 40ರ ಮನಶಾಗ ಮಕ್ಕಳ ಫೀಸು, ಮನಿ ಸಾಲ ಇರ್ತದ, ಇವ ಹೆಚ್ಚು ಕೇಳ್ತಾನ, ಕಮ್ಮಿಗಿ ಒಪ್ಪಿದ್ರೂ ಹೆಚ್ಚು ಸಿಕ್ಕ ಕಡೆ ಓಡ್ತಾನ ಅಂತ ಊಹಾ. ಎರಡನೇದು 28ರ ಮ್ಯಾನೇಜರ್ ಕೈಕೆಳಗ ಈ ಮನಶಾ ಮಾತು ಕೇಳ್ತಾನಾ ಅನ್ನೋ ಅನುಮಾನ, ನಮ್ಮ ಕಡೆ ಹಿರಿಯರಿಗಿ ಅಣ್ಣಾರ, ಕಾಕಾ ಅಂತ ಕರೆಯೋ ರೂಢಿ ಇರೋದ್ರಿಂದ ಆ ಹುಡುಗ ಮ್ಯಾನೇಜರ್‌ಗೇ ಬಾಯಿ ಬಿಟ್ಟು ಕೆಲಸ ಹೇಳ್ಲಿಕ್ಕ ಸಂಕೋಚ. ಮೂರನೇದು ಕಂಪ್ಯೂಟರ್. ಆಮ್ಯಾಲ ಆರೋಗ್ಯ, ನೈಟ್ ಶಿಫ್ಟ್.

ಇವುಗಳಾಗ ಓಡಿ ಹೋಗ್ತಾನ ಅನ್ನೋ ಊಹಾ ನಮ್ಮ ಊರಿನ ಮಟ್ಟಿಗಿ ತಪ್ಪು. 23ರ ಹುಡುಗ ಆರು ತಿಂಗಳು ಕಲಬುರಗಿದಾಗ ಕಲಿತು ಹೈದರಾಬಾದ್, ಪುಣೆ, ಬೆಂಗಳೂರಿಗಿ ಹೋಗ್ತಾನ, ಬೀದರದಿಂದ ಹೈದರಾಬಾದ್ ಮೂರು ತಾಸಿನ ದಾರಿ. ಇಲ್ಲೇ ಮನಿ, ಹೊಲ, ಮಕ್ಕಳ ಸಾಲಿ ಇದ್ದ 42ರವ ಎಲ್ಲಿಗಿ ಹೋಗ್ತಾನ. ಪ್ರತಿ ಆರು ತಿಂಗಳಿಗಿ ಹೊಸಬರಿಗಿ ಕೆಲಸ ಕಲಿಸೋ ಖರ್ಚನ್ನ ಮಾಲೀಕರು ಲೆಕ್ಕಕ್ಕೇ ಹಿಡಿಯಲ್ಲ, ಸಂದರ್ಶನದಾಗ ಈ ಮಾತನ್ನ ನೇರ ಎತ್ತಬೇಕು.

ದೊಡ್ಡ ವಯಸ್ಸಿನವ್ರು ಎದ್ದು ಕಾಣೋದು ಎಲ್ಲಿ

ಹುಡುಗ್ರ ಜೊತಿ ಹುಡುಗ್ರ ಆಟ ಆಡಿದ್ರ ಸೋಲೋದು ಖರೆ. 25ರವನ ಬಯೋಡೇಟಾದ ಮಾದರಿ ಇಂಟರ್ನೆಟ್‌ದಾಗಿಂದ ಇಳಿಸ್ಕೊಂಡು, ಡೈನಾಮಿಕ್, ಹಾರ್ಡ್‌ವರ್ಕಿಂಗ್ ಅಂತ ಬರ್ಕೊಂಡ್ರ ಓದೋರು ನೋಡೋದು ಹುಟ್ಟಿದ ತಾರೀಖು ಮಾತ್ರ.

ಮೊದ್ಲು ನೋಡಬೇಕಾದ್ದು ಕಾನೂನೇ ಲೈಸೆನ್ಸ್ ಇದ್ದ ಮನಶಾ ಬೇಕು ಅನ್ನೋ ಕೆಲಸಗಳು. ಸಕ್ಕರಿ ಕಾರ್ಖಾನೆ, ಯಾದಗಿರಿ ಜಿಲ್ಲಾದ ಕಡೇಚೂರು ಕಡೆ ಔಷಧ ಕಂಪನಿಗಳು, ಎಲ್ಲೆಲ್ಲಿ ಬಾಯ್ಲರ್ ಅದ ಅಲ್ಲಿ ಪ್ರಮಾಣಪತ್ರ ಇದ್ದ ಬಾಯ್ಲರ್ ಅಟೆಂಡೆಂಟ್ ಇಲ್ಲದೆ ನಡಸಂಗಿಲ್ಲ. ವೈರಿಂಗ್ ಕೆಲಸಕ್ಕ ವೈರ್‌ಮನ್ ಪರ್ಮಿಟ್, ಔಷಧ ಅಂಗಡಿಗಿ ರಿಜಿಸ್ಟರ್ಡ್ ಫಾರ್ಮಸಿಸ್ಟ್, ಲಾರಿ ಟ್ಯಾಂಕರಿಗಿ ಹೆವಿ ಲೈಸೆನ್ಸ್. ಇಂಥ ಕಡೆ ಮಾಲೀಕ ಮೊದ್ಲು ಕೇಳೋದು ಕಾಗದ, ವಯಸ್ಸು ಆಮ್ಯಾಲ. 15 ವರ್ಷ ಹೆಲ್ಪರ್ ಅಂತ ದುಡಿದು ಕೆಲಸ ಪೂರಾ ಗೊತ್ತಿದ್ದೂ ಪರ್ಮಿಟ್ ಮಾಡಿಸ್ಕೊಳ್ಳದೆ ಉಳಿದ ಮಂದಿ ಭಾಳ ಅದಾರ. ಅವರಿಗಿ ಹೊಸ ಡಿಗ್ರಿಗಿಂತ ಆ ಒಂದು ಕಾಗದದ ಬೆಲಿ ಹೆಚ್ಚು. ಲೈಸೆನ್ಸ್ ಬೇಕಿಲ್ಲದ ಕಸುಬುಗಳಿಗಿ, ಗೊತ್ತಿದ್ದ ಕೆಲಸ ಪರೀಕ್ಷಾ ಮಾಡಿ ಸರ್ಟಿಫಿಕೇಟ್ ಕೊಡೋ ಆರ್‌ಪಿಎಲ್ ಅನ್ನೋ ವ್ಯವಸ್ಥಾ ಪ್ರಧಾನ ಮಂತ್ರಿ ಕೌಶಲ್ಯ ಯೋಜನೆ ಒಳಗ ಅದ.

ಎರಡನೇದು ನಂಬಿಕೆಯ ಕೆಲಸ. ಕಲಬುರಗಿ ಗಂಜಿನಾಗ (ಕಾಳುಕಡಿ ಮಾರುಕಟ್ಟಿ) ಅಡತಿ ಅಂಗಡಿಗಳು, ಊರ ಹೊರಗ ದಾಲ್ ಮಿಲ್‌ಗಳು, ಇಲ್ಲಿ ತೊಗರಿ ಸೀಜನ್ ಬಂತಂದ್ರ ದಿನಕ್ಕ ಲಕ್ಷಗಟ್ಟಲೆ ರೊಕ್ಕ ಕೈ ಬದಲಾಗ್ತದ. ಕ್ಯಾಶ್, ಕಾಟಾ, ಗೋದಾಮು ನೋಡ್ಲಿಕ್ಕ ಮಾಲೀಕ ಗೊತ್ತಿಲ್ಲದ ಹುಡುಗನ್ನ ಕೂಡಸಲ್ಲ. ಇಲ್ಲಿ ಜಾಹೀರಾತೂ ಬರಲ್ಲ, ಯಾರೋ ಒಬ್ರು ಇವ ನಮ್ಮವ, ಖಾತ್ರಿ ಮನಶಾ ಅಂತ ಹೇಳಬೇಕು. ಹಳೇ ಮುನೀಮಗಿ ತೊಗರಿ ಕೈಯಾಗ ಹಿಡಿದು ಹಸಿ ಎಷ್ಟು, ಕಸ ಎಷ್ಟು ಅಂತ ಹೇಳ್ಲಿಕ್ಕ ಬರ್ತದ, ಜಿಎಸ್‌ಟಿ ರಿಟರ್ನ್ ಮತ್ತ ಕಂಪ್ಯೂಟರ್‌ನಾಗ ಲೆಕ್ಕ ಇಡೋ ಟ್ಯಾಲಿ ಬರಲ್ಲ. ಹುಡುಗಗ ಟ್ಯಾಲಿ ಬರ್ತದ, ಮಾಲು ಗೊತ್ತಾಗಲ್ಲ. ಎರಡೂ ಬಲ್ಲವ ಒಬ್ಬ ಸಿಕ್ರ ಅವನ ವಯಸ್ಸು ಯಾರೂ ಕೇಳಲ್ಲ. ಮೂರು ತಿಂಗಳು ಟ್ಯಾಲಿ ಕಲಿಯೋದು 42ಕ್ಕ ಆಗದ ಕೆಲಸ ಅಲ್ಲ, 20 ವರ್ಷದ ಮಾಲಿನ ತಿಳುವಳಿಕಿ ಮೂರು ತಿಂಗಳಾಗ ಬರಲ್ಲ.

ಮೂರನೇದು ಭಾಷಾ, ಇದನ್ನ ನಮ್ಮವ್ರು ಬಯೋಡೇಟಾದಾಗ ಕೊನೇ ಸಾಲಿಗಿ ಹಾಕ್ತಾರ ಇಲ್ಲಾ ಹಾಕೋದೇ ಇಲ್ಲ. ಬೀದರ ಕಡೆ ಕನ್ನಡ, ಉರ್ದು, ಮರಾಠಿ, ಯಾದಗಿರಿ ಗುರುಮಠಕಲ್ ಕಡೆ ಕನ್ನಡ, ತೆಲುಗು, ಉರ್ದು, ಮ್ಯಾಲ ಹಿಂದಿ, ಇಷ್ಟೂ ಮಾತಾಡಿ ಸಂಭಾಳಸೋರು ನಮ್ಮ ದೊಡ್ಡವ್ರು. ಆಸ್ಪತ್ರೆದಾಗ ರೋಗಿ ಮನಿಯವ್ರಿಗಿ ತಿಳಿಸಿ ಹೇಳೋದು, ವಿಮಾ ಕ್ಲೇಮ್ ಕಾಗದ ಮಾಡಿಸೋದು, ಟ್ರಾನ್ಸ್‌ಪೋರ್ಟ್ ಆಫೀಸು, ಬ್ಯಾಂಕ್ ಪ್ರತಿನಿಧಿ ಕೆಲಸ, ಇವಕ್ಕೆಲ್ಲಾ ಮೂರು ನಾಲ್ಕು ಭಾಷಾ ಮತ್ತ ತಾಳ್ಮಿ ಬೇಕು. ಬಯೋಡೇಟಾದ ಮೊದಲ್ನೇ ಸಾಲಿನಾಗ ಬರೀಬೇಕಾದ್ದು ಇದು, ಹೊರಗಿನ ಕಂಪನಿಗಳು ಇಲ್ಲಿ ಆಫೀಸು ತೆಗೆದಾಗ ತತ್ತರಿಸೋದು ಇದೇ ಜಾಗದಾಗ.

ವಯಸ್ಸು ಮುಚ್ಚಿಡೋದು ಪ್ರಯೋಜನ ಇಲ್ಲ. ಸೇರುವಾಗ ಆಧಾರ್ ಕೇಳ್ತಾರ, ಪಿಎಫ್ ಖಾತೆಗಿ ಅದೇ ತಾರೀಖು ಹೊಂದಬೇಕು, ಆಧಾರ್‌ನಾಗ ಒಂದು, ಮಾರ್ಕ್ಸ್ ಕಾರ್ಡ್‌ನಾಗ ಒಂದು ಇದ್ರ ಮೊದ್ಲೇ ಆಧಾರ್ ಸರಿ ಮಾಡಿಸ್ಕೊಬೇಕು. ಕೆಲಸ ಇಲ್ಲದ ವರ್ಷಗಳನ್ನೂ ಹಂಗೇ. ಎರಡು ವರ್ಷ ಅಪ್ಪನ ಬ್ಯಾನಿಗಿ ಮನಿದಾಗ ಇದ್ದೆ, ಇಲ್ಲಾ ಪರೀಕ್ಷಾಕ್ಕ ಓದ್ದೆ ಅಂತ ಒಂದು ಸಾಲಿನಾಗ ಹೇಳಿದ್ರ ಮುಗೀತು, ಮುಚ್ಚಿಟ್ರ ಕೇಳೋರಿಗಿ ಅನುಮಾನ ಹೆಚ್ಚು. ಹಳೇ ಅನುಭವ ಪೂರಾ ಬರೆಯೋದಕ್ಕಿಂತ ಈ ಹುದ್ದೆಗಿ ಹೊಂದೋ ಎರಡು ಮೂರು ಕೆಲಸ, ಎಷ್ಟು ಮಂದಿನ್ನ ನೋಡ್ಕೊಂಡೆ, ಎಷ್ಟು ಟನ್ ಮಾಲು, ಎಷ್ಟು ರೊಕ್ಕದ ಲೆಕ್ಕ ಅಂತ ಅಂಕಿ ಸಮೇತ ಬರೀಬೇಕು.

ಒಂದು ಎಚ್ಚರಿಕಿ ಪಿಎಫ್ ಬಗ್ಗೆ. ಕೆಲಸ ಬಿಟ್ಟ ಮ್ಯಾಲ ಮಂದಿ ಪಿಂಚಣಿ ಪಾಲನ್ನೂ ತೆಗೆದುಕೊಂಡು ಬಿಡ್ತಾರ. ಪಿಎಫ್ ಜೊತಿಗಿ ಬರೋ ಇಪಿಎಸ್ ಪಿಂಚಣಿಗಿ ಒಟ್ಟು 10 ವರ್ಷದ ಸೇವಾ ಬೇಕು, 7 ವರ್ಷ ಆದವ ತೆಗೆದ್ರ ಆ 7 ಹೋದಂಗೇ, ಮುಂದಿನ ನೌಕರಿದಾಗ ಸೊನ್ನೆಯಿಂದ ಶುರು. ಸ್ಕೀಮ್ ಸರ್ಟಿಫಿಕೇಟ್ ತಗೊಂಡು ಇಟ್ಕೊಂಡ್ರ ಹಳೇ ವರ್ಷ ಹೊಸದಕ್ಕ ಸೇರ್ತಾವ. 40 ದಾಟಿದವ್ರಿಗಿ ಇದು ಸಣ್ಣ ಮಾತಲ್ಲ.

ಮುಂದ ಏನಾಗಬಹುದು

ಸಡಿಲಿಕೆ ಇರೋ ಅವಧಿದಾಗ ಅಧಿಸೂಚನೆಗಳು ಸಾಲಾಗಿ ಬಂದ್ರ 38, 41, 43ರ ಗೆರಿ ಹತ್ರ ನಿಂತವ್ರಿಗಿ ನಿಜವಾದ ಚಾನ್ಸ್. ಬರದಿದ್ರ ಈ 3 ವರ್ಷವೂ ಕಾಯೋದ್ರಾಗೇ ಮುಗೀತಾವ, ಮತ್ತ ಅದೇ ಬೇಡಿಕಿ, ಅದೇ ಧರಣಿ. ಕೋಚಿಂಗ್ ಫೀಸು, ರೂಮ್ ಬಾಡಿಗಿ ಕಟ್ಟೋ ಮನಿಗಳು ಇನ್ನೂ ಮೂರು ವರ್ಷ ಕಟ್ತಾವ. ಮದುವಿ ಮುಂದ ಹಾಕಿದವ್ರು ಇನ್ನೂ ಮುಂದ ಹಾಕ್ತಾರ, ಹೆಣ್ಣುಮಕ್ಕಳಿಗಂತೂ ಮನಿಯವ್ರು ಅಷ್ಟು ದಿನ ಕಾಯ್ಲಿಕ್ಕ ಬಿಡಲ್ಲ, ಹಿಂಗಾಗಿ ಸಡಿಲಿಕೆಯ ಲಾಭ ಗಂಡಸರಿಗೇ ಹೆಚ್ಚು ಹೋಗೋ ಸಾಧ್ಯತಾ ಅದ.

ಸರ್ಕಾರ ಮಾಡಬೇಕಾದ್ದು ಎರಡು ಅವ ಅಂತ ನನ್ನ ಅಭಿಪ್ರಾಯ. ಕೇಂದ್ರ ಲೋಕಸೇವಾ ಆಯೋಗ ವರ್ಷದ ಪರೀಕ್ಷಾ ವೇಳಾಪಟ್ಟಿ ಮೊದ್ಲೇ ಹಾಕಿ ಅದರಂಗ ನಡಸ್ತದ, ರಾಜ್ಯವೂ ಹಂಗೇ ನಡಸಬೇಕು. ಮತ್ತ ಅತಿಥಿ, ಹೊರಗುತ್ತಿಗೆ ಸೇವೆಯ ವರ್ಷಗಳನ್ನ ವಯಸ್ಸಿನ ಲೆಕ್ಕದಾಗ ಕಳೀಬೇಕು. ಇವೆರಡು ಆದ್ರ ಪದೇ ಪದೇ ಸಡಿಲಿಕೆ ಕೇಳೋ ಪ್ರಸಂಗನೇ ಬರಲ್ಲ.

ಅಲ್ಲಿ ತನಕ ಗೆರಿ ಹತ್ರ ಇದ್ದವ್ರು ಪ್ರತಿ ಅಧಿಸೂಚನೆದಾಗ ಅರ್ಜಿಯ ಕೊನೇ ದಿನ ಮೊದ್ಲು ನೋಡ್ರಿ, ಮಾರ್ಕ್ಸ್ ಕಾರ್ಡ್‌ನಾಗಿನ ತಾರೀಖಿನಿಂದ ಆ ದಿನಕ್ಕ ವಯಸ್ಸು ಎಣಿಸ್ರಿ. ಜಾತಿ, 371ಜೆ, ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರ ಈಗ್ಲೇ ತಯಾರ್ ಇಟ್ಕೊಳ್ರಿ, ಯಾಕಂದ್ರ ಕಚೇರಿಗಳಾಗ ಸಾಲು ಹಚ್ಚೋ ಹೊತ್ತಿಗಿ ಕೊನೇ ದಿನ ದಾಟಿ ಹೋದ್ರ ಈ ಸಡಿಲಿಕೆಯಿಂದ ಉಪಯೋಗ ಇಲ್ಲ. ಓದಕೋತ ಇರುವಾಗ್ಲೇ ಒಂದು ಪರ್ಮಿಟ್ಟೋ ಟ್ಯಾಲಿನೋ ಮಾಡಿಸ್ಕೊಳ್ರಿ, ಅದಕ್ಕ 43ರ ಗೆರಿ ಇಲ್ಲ.